ಹಳೇ ಬಚ್ಚಲುಮನೆ ಹೊಸದು ಮಾಡಿಸಿದ್ದು: ಗೋಡೆಯೊಳಗಿನದು ಮೊದಲು, ಟೈಲ್ಸ್ ಆಮೇಲೆ

ನಮ್ಮ ಬಚ್ಚಲುಮನೆ ಕೆಲಸ ಕಳೆದ ವಾರ ಮುಗಿಯಿತು. ಅಂಗಡಿ ಅಲೆದದ್ದು, ಕಾದದ್ದು, ವಾದ ಮಾಡಿದ್ದು ಎಲ್ಲ ತಲೆಯಲ್ಲಿ ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಟೈಲ್ಸ್ ಆರಿಸುವುದು ಅಂದರೆ ಬಣ್ಣ ಆರಿಸುವುದು ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಬಣ್ಣದ ಮಾತು ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಯಾವುದಾದ ಮೇಲೆ ಯಾವುದು ಎಂಬುದು ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ಬೆಂಗಳೂರಿನ ಹನುಮಂತನಗರದಲ್ಲಿ 30x40 ಸೈಟಿನಲ್ಲಿ ಅಪ್ಪ 1986ರಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾವು ಮತ್ತು ಅಮ್ಮ, ಮೇಲೆ ಬಾಡಿಗೆಯವರು. ಬಚ್ಚಲುಮನೆ ಎಂಟಡಿ ಉದ್ದ, ಐದಡಿ ಅಗಲ. ನಾಲ್ಕಡಿ ಎತ್ತರದವರೆಗೆ ಆರಿಂಚಿನ ಬಿಳಿ ಗ್ಲೇಜ್ಡ್ ಟೈಲ್ಸ್, ಮೇಲೆ ಸುಣ್ಣ, ಕೆಳಗೆ ರೆಡ್ ಆಕ್ಸೈಡ್ ನೆಲ, ಮೂಲೆಯಲ್ಲಿ ಹಂಡೆ ಒಲೆ. ಸೋಲಾರ್ ಬಂದ ಮೇಲೆ ಒಲೆಗೆ ಬೆಂಕಿ ಹಾಕಿದ್ದೇ ಇಲ್ಲ. ಎರಡು ಮಳೆಗಾಲದಿಂದ ಬಚ್ಚಲಿನ ಹಿಂದಿನ ಕೋಣೆಯ ಗೋಡೆ ತೇವ ಹೀರಿ ಬಣ್ಣವೆಲ್ಲ ಉಬ್ಬಿ ಉದುರುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಅಮ್ಮನದು. ಎಪ್ಪತ್ನಾಲ್ಕು ವರ್ಷ, ಒಂದು ಮಂಡಿಗೆ ಆಪರೇಷನ್ ಆಗಿದೆ. ನಲವತ್ತು ವರ್ಷ ಸವೆದು ನುಣುಪಾದ ಆ ನೆಲದ ಮೇಲೆ ಸೋಪಿನ ನೀರು ಬಿದ್ದರೆ ನನಗೇ ಕಾಲು ನಿಲ್ಲುತ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಯಾರಾದರೊಬ್ಬರು ಕಿವಿಗೊಟ್ಟು ನಿಂತಿರುತ್ತಿದ್ದೆವು.

ಮೊದಲು ಸಿದ್ದಯ್ಯ ರಸ್ತೆಗೆ ಹೋದೆ. ಸಾಲಾಗಿ ಟೈಲ್ಸ್, ಸ್ಯಾನಿಟರಿ ಅಂಗಡಿಗಳು. ಒಳಗೆ ಕಾಲಿಟ್ಟ ತಕ್ಷಣ ಕೇಳುವುದು ಎರಡೇ ಪ್ರಶ್ನೆ, “ಸೈಜ್ ಏನು ಮೇಡಂ? ಬಜೆಟ್ ಎಷ್ಟು?” ಉತ್ತರ ಬರುವ ಮುಂಚೆಯೇ ಲೈಟ್, ಡಾರ್ಕ್, ಹೈಲೈಟರ್ ಅಂತ ಮೂರು ಬಗೆಯ ಟೈಲ್ಸ್ ಜೋಡಿಸಿ ನಿಲ್ಲಿಸುತ್ತಾರೆ. ಕೆಳಗೆ ಗಾಢ, ಮೇಲೆ ತಿಳಿ, ನಡುವೆ ಹೂವಿನದೋ ಕಲ್ಲಿನದೋ ಚಿತ್ರದ ಪಟ್ಟಿ. “ಸಾರ್ ಬಂದ ಮೇಲೆ ಫೈನಲ್ ಮಾಡೋಣ ಅಲ್ವಾ?” ಅಂತ ಒಬ್ಬರು ಕೇಳಿದರು. ನಾನೇ ಫೈನಲ್ ಮಾಡೋಳು ಎಂದು ಹೇಳಿ, ಫೋಟೋ, ದರ ಬರೆದುಕೊಂಡು, ಏನೂ ಕೊಳ್ಳದೆ ವಾಪಸ್ ಬಂದೆ. ಹೋಗುವ ಮುಂಚೆ ನಮ್ಮ ಮೇಸ್ತ್ರಿ ಒಂದು ಮಾತು ಹೇಳಿದ್ದರು. “ಮೇಡಂ, ಟೈಲ್ಸ್ ನೋಡ್ಕೊಂಡ್ ಬನ್ನಿ, ದುಡ್ಡು ಕೊಡ್ಬೇಡಿ. ಗೋಡೆ ಒಡೆದ್ಮೇಲೆ ಒಳಗೆ ಏನಿದೆ ಅಂತ ಗೊತ್ತಾಗುತ್ತೆ.” ಈ ಕೆಲಸದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದೇ.

ಒಡೆದಾಗ ಮೂರು ವಿಷಯ ಹೊರಬಿದ್ದವು. ಒಂದು, ಕಮೋಡಿನ ಹಿಂದಿನ ಗೋಡೆ ನಾಲ್ಕೂವರೆ ಇಂಚಿನದು, ಒಂದೇ ಇಟ್ಟಿಗೆಯ ಅಡ್ಡಗೋಡೆ. ಗೋಡೆಯೊಳಗೆ ಅಡಗುವ ಕನ್ಸೀಲ್ಡ್ ಫ್ಲಶ್ ಟ್ಯಾಂಕ್ ಕೂರಿಸಲು ಅಲ್ಲಿ ಆಳವೇ ಇಲ್ಲ. ಗೋಡೆಗೆ ತೂಗುವ ವಾಲ್ ಹಂಗ್ ಕಮೋಡಿನ ಆಸೆಯನ್ನು ಅಲ್ಲಿಗೇ ಕೈಬಿಟ್ಟೆವು. ಎರಡು, ಹಳೇ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಒಳಗೆಲ್ಲ ತುಕ್ಕು ಕಟ್ಟಿತ್ತು. ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಮುಕ್ಕಾಲಿಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಗೋಡೆ ತೇವಕ್ಕೆ ಕಾರಣವೂ ಅದರದೇ ಒಂದು ಎಲ್ಬೋ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ. ಮೂರನೆಯದು ನಾವ್ಯಾರೂ ಎಣಿಸದೇ ಇದ್ದದ್ದು. ತಣ್ಣೀರಿನ ನಲ್ಲಿಗೆ ನೀರು ಬರುತ್ತಿದ್ದದ್ದು ಮೇಲಿನ ಟ್ಯಾಂಕಿನಿಂದಲ್ಲ, ನೇರ ಬೀದಿಯ ಕಾವೇರಿ ನೀರಿನ ಲೈನಿನಿಂದ. ಬಿಸಿನೀರು ಮಾತ್ರ ಸೋಲಾರಿನಿಂದ, ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಬೇರೆ ಬೇರೆ ನಲ್ಲಿ ಇರುವಾಗ ಇದರಿಂದ ತೊಂದರೆಯಿಲ್ಲ. ಬಿಸಿ-ತಣ್ಣೀರು ಬೆರೆಸಿ ಕೊಡುವ ಮಿಕ್ಸರ್ ನಲ್ಲಿ ಹಾಕಿದರೆ, ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗಿ, ಬಿಸಿನೀರು ಬರುವುದೇ ನಿಂತುಹೋಗುತ್ತದೆ. ಮಿಕ್ಸರ್, ಡೈವರ್ಟರ್ ಹಾಕಿಸುವವರು ಬಿಸಿ ಮತ್ತು ತಣ್ಣೀರು ಎರಡೂ ಒಂದೇ ಎತ್ತರದ ಟ್ಯಾಂಕಿನಿಂದ ಬರುತ್ತವೆಯೇ ಅಂತ ಮೊದಲು ನೋಡಿಕೊಳ್ಳಿ. ನಾವು ಮೇಲಿನ ಟ್ಯಾಂಕಿನಿಂದ ಹೊಸ ಲೈನ್ ಎಳೆಸಬೇಕಾಯಿತು. ಬಜೆಟ್ಟಿನಲ್ಲಿ ಇಲ್ಲದ ಖರ್ಚು.

ಹಂಡೆ ಒಲೆ ತೆಗೆಯುವ ದಿನ ಅಮ್ಮ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತಾಮ್ರದ ಹಂಡೆಗೆ ಸುತ್ತಿಗೆ ತಾಗಬಾರದು ಅಂತ ಒಲೆಯ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದರು. ಮಸಿ ಹಿಡಿದ ತಳವನ್ನು ಅಮ್ಮನೇ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರು. ಈಗ ಅದು ಹಿತ್ತಲಲ್ಲಿದೆ. ಒಲೆ ಹೋದದ್ದರಿಂದ ಎರಡಡಿಗೂ ಹೆಚ್ಚು ಜಾಗ ಸಿಕ್ಕಿತು, ಅಷ್ಟೂ ಅಮ್ಮನ ಓಡಾಟಕ್ಕೆ. ಅಂದ ಹಾಗೆ, ಒಡೆದ ಗಾರೆ, ಇಟ್ಟಿಗೆಯನ್ನು ದಿನಾ ಬರುವ ಕಸದ ಆಟೊದವರು ಒಯ್ಯುವುದಿಲ್ಲ. ಮೂಟೆ ಕಟ್ಟಿ ಸಾಗಿಸುವುದಕ್ಕೆ ಬೇರೆ ಗಾಡಿ ಗೊತ್ತು ಮಾಡಬೇಕು. ಒಡೆಯುವುದು, ಸಾಗಿಸುವುದು ಸೇರಿ ನಮಗೆ 14,000 ರೂಪಾಯಿ ಆಯಿತು. ಕೂಲಿ ಮಾತಾಡುವಾಗಲೇ “ಡೆಬ್ರಿಸ್ ಸೇರಿ” ಅಂತ ಸ್ಪಷ್ಟ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಮೊದಲು ಕೊಂಡದ್ದು ಫಿಟ್ಟಿಂಗ್ಸ್. ಅಂಗಡಿ ಭಾಷೆಯಲ್ಲಿ ಸಿಪಿ ಫಿಟ್ಟಿಂಗ್ಸ್, ಅಂದರೆ ಹಿತ್ತಾಳೆ ಮೈಗೆ ಕ್ರೋಮ್ ಲೇಪಿಸಿದ ನಲ್ಲಿಗಳು. ಜಾಗ್ವಾರ್, ಸೆರಾ, ಪ್ಯಾರಿವೇರ್, ಹಿಂಡ್‌ವೇರ್ ಹೀಗೆ ಹತ್ತಾರು ಹೆಸರು. ಎಂಆರ್‌ಪಿ ನೋಡಿ ಹೆದರಬೇಡಿ, ಡೀಲರ್ ಡಿಸ್ಕೌಂಟ್ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ. ಬೇಕಾದ್ದರ ಪಟ್ಟಿಯನ್ನು ಮಾಡೆಲ್ ನಂಬರ್ ಸಮೇತ ಬರೆದು, ಒಂದೇ ಪಟ್ಟಿಗೆ ಬೇರೆ ಬೇರೆ ಕಡೆ ಕೊಟೇಶನ್ ತೆಗೆದುಕೊಳ್ಳಿ. ಒಂದೇ ಸಾಮಾನಿಗೆ ಎರಡು ಅಂಗಡಿಗಳ ನಡುವೆ ನಮಗೆ ಮೂರು ಸಾವಿರಕ್ಕೂ ಹೆಚ್ಚು ವ್ಯತ್ಯಾಸ ಕಂಡಿತು. ಹಿತ್ತಾಳೆಯದೇ ಹೌದಾ ಅಂತ ತಿಳಿಯಲು ಕೈಯಲ್ಲಿ ಎತ್ತಿ ನೋಡಿ, ಭಾರ ಗೊತ್ತಾಗುತ್ತದೆ. ಐಎಸ್‌ಐ ಗುರುತಿನ ಜೊತೆ ಐಎಸ್ 8931 ಅಂತ ಇದ್ದರೆ ಅದು ಇಂಥ ನಲ್ಲಿಗಳ ಮಾನಕ. ಪಿಂಗಾಣಿ ಕಮೋಡ್, ಬೇಸಿನ್‌ಗಳಿಗೆ ಐಎಸ್ 2556.

ಈಗೆಲ್ಲ ಹೊಳಪಿಲ್ಲದ ಕಪ್ಪು ಮ್ಯಾಟ್ ನಲ್ಲಿಗಳ ಕಾಲ. ಮಗಳಿಗೂ ಅದೇ ಬೇಕಿತ್ತು. ನಮ್ಮ ಸಂಪಿನಲ್ಲಿ ಕಾವೇರಿ ಜೊತೆಗೆ ಬೋರ್‌ವೆಲ್ ನೀರೂ ಬೆರೆಯುತ್ತದೆ. ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ, ಕಪ್ಪಿನ ಮೇಲೆ ಅದು ದೂರಕ್ಕೇ ಕಾಣುತ್ತದೆ, ಕೆರೆದರೆ ಲೇಪವೇ ಹೋಗುತ್ತದೆ. ಪರಿಚಯದವರ ಮನೆಯಲ್ಲಿ ಅಂಥದೊಂದನ್ನು ತೋರಿಸಿದ ಮೇಲೆ ಅವಳೇ ಸಾದಾ ಕ್ರೋಮ್ ಸಾಕು ಅಂದಳು. ನಲ್ಲಿಯ ಬಾಯಲ್ಲಿ ಏರೇಟರ್ ಇರುವುದನ್ನೇ ಆರಿಸಿದೆವು. ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರಿನಲ್ಲೇ ತುಂಬು ಧಾರೆ ಕೊಡುವ ಸಣ್ಣ ಜಾಲರಿ ಅದು. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿ ಇದನ್ನು ಅಪಾರ್ಟ್‌ಮೆಂಟ್, ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿದ್ದು ನೆನಪಿರಬಹುದು. ಬಿಚ್ಚಿ ತೊಳೆಯಲು ಬರುವಂಥದ್ದನ್ನೇ ತಗೊಳ್ಳಿ, ಗಡಸು ನೀರಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಡೈವರ್ಟರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಶವರ್‌ಗೂ ಕೆಳಗಿನ ನಲ್ಲಿಗೂ ಬಿಸಿ-ತಣ್ಣೀರು ಬೆರೆಸಿ ಕೊಡುವ ಇದರ ಮೈ ಪೂರ್ತಿ ಗೋಡೆಯೊಳಗೆ ಹೋಗುತ್ತದೆ, ಹೊರಗೆ ಕಾಣುವುದು ಹಿಡಿ ಮತ್ತು ತಟ್ಟೆ ಮಾತ್ರ. ಮೊದಲ ಪ್ರಶ್ನೆ ಒತ್ತಡ. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಒತ್ತಡ ಕೊಡುತ್ತದೆ, ಅಂದರೆ ಹತ್ತಡಿಗೆ ಸುಮಾರು 0.3 ಬಾರ್. ಎಷ್ಟೋ ಡೈವರ್ಟರ್‌ಗಳ ಪೆಟ್ಟಿಗೆಯ ಮೇಲೆ ಕನಿಷ್ಠ 0.5 ಬಾರ್ ಬೇಕು ಅಂತ ಬರೆದಿರುತ್ತದೆ. ನಮ್ಮದು ಕೆಳಮನೆ, ಟ್ಯಾಂಕ್ ಎರಡು ಮಹಡಿ ಮೇಲೆ, ಶವರ್‌ನಿಂದ ಅಳೆದರೆ ಹದಿನೇಳಡಿ, ಹಾಗಾಗಿ ಬಚಾವು. ಮೇಲಿನ ಮನೆಗೆ ಇದೇ ಹಾಕಿದ್ದರೆ ನೀರು ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಬಚ್ಚಲು ಇರುವವರು ಒಂದೋ ಪ್ರೆಶರ್ ಪಂಪಿಗೆ ದುಡ್ಡಿಡಬೇಕು, ಇಲ್ಲವೇ ಸಾದಾ ವಾಲ್ ಮಿಕ್ಸರ್‌ಗೆ ಒಪ್ಪಬೇಕು. ಅಂಗಡಿಯಲ್ಲಿ ಮಳೆಯಂತೆ ಸುರಿಯುವ ದೊಡ್ಡ ಶವರ್ ತೋರಿಸುವಾಗ ಅದರ ಹಿಂದೆ ಪಂಪ್ ಇರುತ್ತದೆ ಎನ್ನುವುದು ನೆನಪಿರಲಿ.

ಎರಡನೆಯದು ಆಳ. ಡೈವರ್ಟರ್ ಮೈಮೇಲಿನ ಪ್ಲಾಸ್ಟಿಕ್ ಕವಚದಲ್ಲಿ ಕನಿಷ್ಠ, ಗರಿಷ್ಠ ಅಂತ ಎರಡು ಗೆರೆ ಇರುತ್ತವೆ. ಟೈಲ್ಸ್ ಅಂಟಿಸಿದ ಮೇಲೆ ಗೋಡೆಯ ಮುಖ ಆ ಎರಡು ಗೆರೆಗಳ ನಡುವೆಯೇ ಬರಬೇಕು. ಒಳಗೆ ಹೋದರೆ ಹಿಡಿ ಕೂರುವುದಿಲ್ಲ, ಹೊರಗೆ ಬಂದರೆ ತಟ್ಟೆ ಗೋಡೆಗೆ ತಾಗುವುದಿಲ್ಲ. ಹಾಗಾಗಿ ಡೈವರ್ಟರ್ ಕೂರಿಸುವ ಮುಂಚೆ ಗಾರೆ, ಅಂಟು, ಟೈಲ್ಸ್ ಮೂರರ ದಪ್ಪವೂ ಗೊತ್ತಿರಬೇಕು. ನಮ್ಮ ಪ್ಲಂಬರ್ ಅಂಗಡಿಯಿಂದ ತಂದ ಸ್ಯಾಂಪಲ್ ಟೈಲ್ಸ್ ತುಂಡನ್ನೇ ಗೋಡೆಗೆ ಒತ್ತಿಹಿಡಿದು ಗೆರೆ ನೋಡಿಕೊಂಡರು. ಪೈಪೆಲ್ಲ ಜೋಡಿಸಿದ ಮೇಲೆ ಒಂದು ರಾತ್ರಿ ಪೂರ್ತಿ ಪ್ರೆಶರ್ ಟೆಸ್ಟ್‌ಗೆ ಬಿಟ್ಟು, ಒತ್ತಡ ತೋರಿಸುವ ಮೀಟರಿನ ಮುಳ್ಳು ಕದಲಿಲ್ಲ ಅಂತ ಖಚಿತ ಮಾಡಿಕೊಂಡೇ ಗಾರೆ ಮುಚ್ಚಿದ್ದು. ಮುಚ್ಚುವ ಮುಂಚೆ ನಾಲ್ಕೂ ಗೋಡೆಗೆ ಅಳತೆ ಟೇಪ್ ಹಿಡಿದು, ಟೇಪ್ ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡೆ. ಅಮ್ಮನಿಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸುವಾಗ ಡ್ರಿಲ್ ಎಲ್ಲಿ ಹೊಡೆಯಬಹುದು ಅಂತ ಹೇಳಿದ್ದು ಆ ಫೋಟೋಗಳೇ. ಕಂಬಿಯ ಜಾಗವನ್ನೂ ಈ ಹಂತದಲ್ಲೇ ಗುರುತು ಮಾಡಿ, ಅಲ್ಲಿ ಇಟ್ಟಿಗೆ ಗಟ್ಟಿಯಾಗಿದೆಯೇ ನೋಡಿಕೊಳ್ಳಬೇಕು. ಮನೆಯಲ್ಲಿ ವಯಸ್ಸಾದವರು ಇದ್ದರೆ ಇದನ್ನು ಮುಂದಕ್ಕೆ ಹಾಕಬೇಡಿ.

ಕಮೋಡ್ ಕೊಳ್ಳುವವರು ಟೇಪ್ ಇಲ್ಲದೆ ಅಂಗಡಿಗೆ ಹೋಗಲೇಬಾರದು. ಕೊಳಚೆ ಪೈಪು ನೆಲಕ್ಕೆ ಇಳಿಯುತ್ತಿದ್ದರೆ ಎಸ್ ಟ್ರ್ಯಾಪ್, ಗೋಡೆಗೆ ಹೋಗುತ್ತಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪಿನಲ್ಲಿ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಅಂತರ ಎಂಬುದೇ ಎಲ್ಲ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ನಾಲ್ಕು, ಒಂಬತ್ತು, ಹನ್ನೆರಡು ಇಂಚಿನವು. ನಮ್ಮಲ್ಲಿ ಗಾರೆ ಕಿತ್ತ ಬರೀ ಇಟ್ಟಿಗೆಯಿಂದ ಅಳೆದರೆ ಹತ್ತೂಮುಕ್ಕಾಲು ಇಂಚು. ಹೊಸ ಗಾರೆ ಮುಕ್ಕಾಲಿಂಚು, ಅಂಟು ಮತ್ತು ಟೈಲ್ಸ್ ಸೇರಿ ಅರ್ಧ ಇಂಚು. ಎಲ್ಲ ಮುಗಿದ ಮೇಲೆ ಉಳಿಯುವುದು ಒಂಬತ್ತೂವರೆ. ನನಗೆ ತುಂಬ ಹಿಡಿಸಿದ್ದ ಕಮೋಡ್ ಹನ್ನೆರಡು ಇಂಚಿನದು, ಅದಕ್ಕೆ ಪೈಪನ್ನೇ ಸರಿಸಬೇಕಿತ್ತು. ಅದನ್ನು ಬಿಟ್ಟು ಒಂಬತ್ತು ಇಂಚಿನ, ಕೂರುವ ಎತ್ತರ ಸ್ವಲ್ಪ ಹೆಚ್ಚಿರುವ ಒಂದನ್ನು ತಂದೆವು. ಅಂಗಡಿಯಲ್ಲಿ ಅಮ್ಮನನ್ನು ಬೇರೆ ಬೇರೆ ಎತ್ತರದವುಗಳ ಮೇಲೆ ಕೂರಿಸಿ ಏಳಿಸಿದೆ. ಮೊದಮೊದಲು ನಾಚಿಕೊಂಡರು. ಆಮೇಲೆ “ಇದ್ರಲ್ಲಿ ಕೈ ಊರದೆ ಏಳ್ಬೋದು ಕಣೆ” ಅಂತ ತಾವೇ ಆರಿಸಿಕೊಟ್ಟರು. ಸೀಟ್ ಕವರ್ ಸಮೇತ 11,800.

ಇನ್ನು ನೆಲದ ಟೈಲ್ಸ್. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದು.

“ಆಂಟಿಸ್ಕಿಡ್ ಇದೆ ಮೇಡಂ” ಅಂತ ಪ್ರತಿ ಅಂಗಡಿಯಲ್ಲೂ ಹೇಳುತ್ತಾರೆ. ಕೆಲವು ಪೆಟ್ಟಿಗೆಗಳ ಮೇಲೆ ಆರ್10, ಆರ್11 ಎಂಬ ಅಂಕಿ ಇರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಆದರೆ ಆ ಅಂಕಿ ಬರುವುದು ಇಳಿಜಾರಿನ ಮೇಲೆ ಎಣ್ಣೆ ಸವರಿ, ಬೂಟು ಹಾಕಿಕೊಂಡು ನಡೆದು ನೋಡುವ ಜರ್ಮನ್ ಪರೀಕ್ಷೆಯಿಂದ. ಬರಿಗಾಲು, ಸೋಪಿನ ನೀರಿಗೆ ಬೇರೆಯೇ ಪರೀಕ್ಷೆ ಇದೆ, ಅದರ ದರ್ಜೆ ಎ, ಬಿ, ಸಿ ಅಂತ. ಬಚ್ಚಲಿಗೆ ನಿಜವಾಗಿ ಬೇಕಾದ್ದು ಅದು. ನಾನು ಹೋದ ಅಂಗಡಿಗಳಲ್ಲಿ ಅದನ್ನು ಹೇಳಬಲ್ಲವರು ಯಾರೂ ಸಿಗಲಿಲ್ಲ. ಹಾಗಾಗಿ ನಮ್ಮ ಪರೀಕ್ಷೆ ನಾವೇ ಮಾಡಿದೆವು. ಒಪ್ಪಿದ ಐದಾರು ಬಗೆಯಲ್ಲಿ ಒಂದೊಂದು ತುಂಡು ಕೇಳಿ ತಂದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾಲಾಗಿ ಇಟ್ಟು, ಸೋಪಿನ ನೀರು ಸುರಿದು, ಬರಿಗಾಲಲ್ಲಿ ನಿಂತು ಹಿಮ್ಮಡಿ ತಿರುಗಿಸಿ ನೋಡಿದೆ. ಕಲ್ಲಿನಂತೆ ಒರಟು ಕಾಣುತ್ತಿದ್ದ ಒಂದು, ನೀರು ಬಿದ್ದ ಕೂಡಲೇ ಜಾರಿತು. ಅದರ ಒರಟುತನ ಬರೀ ಚಿತ್ರದಲ್ಲಿತ್ತು, ಮೈಯಲ್ಲಿ ಇರಲಿಲ್ಲ. ಇನ್ನೊಂದು ಮರಳಿನ ಹಾಗೆ ಒರಟಾಗಿ ಕಾಲು ಕಚ್ಚಿ ಹಿಡಿಯಿತು, ಆದರೆ ಅದರ ಸಂದುಗಳಲ್ಲಿ ಕೊಳೆ ಕೂತು ಉಜ್ಜಿದರೂ ಹೋಗಲಿಲ್ಲ. ನಡುವಿನ ಒಂದು, ಬೂದು ಬಣ್ಣದ ಮ್ಯಾಟ್, ಎರಡಕ್ಕೂ ಒದಗಿತು. ನನ್ನ ಕೈ ಹಿಡಿದುಕೊಂಡು ಅಮ್ಮನೂ ಅದರ ಮೇಲೆ ನಿಂತರು, ಕಾಲ್ಬೆರಳು ಮಡಚಿ ಒತ್ತಿ ನೋಡಿದರು, ಆಮೇಲೆ ಕೈ ಬಿಟ್ಟರು. ಅಲ್ಲಿಗೆ ತೀರ್ಮಾನವಾಯಿತು.

ಅಳತೆ ಒಂದಡಿಗೆ ಒಂದಡಿ, ಅಂದರೆ 300x300 ಮಿ.ಮೀ. ಈಗ ಎಲ್ಲರೂ ಎರಡಡಿಗೆ ಎರಡು, ಎರಡಡಿಗೆ ನಾಲ್ಕು ಕೇಳುತ್ತಾರೆ, ಗೆರೆ ಕಡಿಮೆ ಕಾಣಲಿ ಅಂತ. ಹಾಲ್‌ಗೆ ಸರಿ. ಬಚ್ಚಲಿನ ನೆಲಕ್ಕೆ ವಾಟ ಬೇಕು, ನಾಲ್ಕೂ ಕಡೆಯಿಂದ ನೀರು ನಹನಿ ಟ್ರ್ಯಾಪಿಗೆ, ಅಂದರೆ ನೆಲದಲ್ಲಿ ಜಾಲರಿ ಹಾಕಿದ ನೀರು ಹೋಗುವ ಬಾಯಿಗೆ, ಹರಿಯಬೇಕು. ದೊಡ್ಡ ಟೈಲ್ಸ್ ಬಾಗುವುದಿಲ್ಲ, ಮೂಲೆಯಿಂದ ಮೂಲೆಗೆ ಕತ್ತರಿಸಿ ಕೂರಿಸಬೇಕಾಗುತ್ತದೆ. ಚಿಕ್ಕದಾದರೆ ವಾಟ ತಾನಾಗಿ ಕೂರುತ್ತದೆ, ಸಂದುಗಳು ಹೆಚ್ಚಿದ್ದಷ್ಟೂ ಕಾಲಿಗೂ ಹಿಡಿತ.

ಗೋಡೆ ಟೈಲ್ಸ್ ಅಷ್ಟು ಕಷ್ಟವಾಗಲಿಲ್ಲ. ಒಂದು ವಿಷಯ ಮಾತ್ರ ತಿಳಿದಿರಲಿ. ಸೆರಾಮಿಕ್ ಮತ್ತು ವಿಟ್ರಿಫೈಡ್ ಬೇರೆ ಬೇರೆ. ವಿಟ್ರಿಫೈಡ್ ತನ್ನ ತೂಕದ ಅರ್ಧ ಪರ್ಸೆಂಟಿಗಿಂತ ಹೆಚ್ಚು ನೀರು ಹೀರಬಾರದು. ಗೋಡೆಯ ಸೆರಾಮಿಕ್ ಹತ್ತು ಪರ್ಸೆಂಟಿಗೂ ಮೇಲೆ ಹೀರುತ್ತದೆ. ಟೈಲ್ಸ್ ತಿರುಗಿಸಿ ಹಿಂಬದಿಗೆ ನಾಲ್ಕು ಹನಿ ನೀರು ಬಿಡಿ. ಸೆರಾಮಿಕ್ ಆದರೆ ಕಣ್ಣೆದುರೇ ಕುಡಿದುಬಿಡುತ್ತದೆ, ವಿಟ್ರಿಫೈಡ್ ಆದರೆ ಹನಿ ಹಾಗೇ ಕೂತಿರುತ್ತದೆ. ಗೋಡೆಗೆ ಸೆರಾಮಿಕ್ ಸಾಕು, ಹಗುರ, ಅಗ್ಗ. ವಿಟ್ರಿಫೈಡ್‌ಗೆ ಬರೀ ಸಿಮೆಂಟ್ ಸರಿಯಾಗಿ ಕಚ್ಚುವುದಿಲ್ಲ, ಟೈಲ್ ಅಡ್ಹೆಸಿವ್, ಅಂದರೆ ಟೈಲ್ಸಿಗೆಂದೇ ಇರುವ ಅಂಟು, ಬೇಕೇ ಬೇಕು. ಸಿಮೆಂಟಿನಲ್ಲೇ ಕೂರಿಸುವವರು ಸೆರಾಮಿಕ್ ಟೈಲ್ಸನ್ನು ಮೊದಲು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಬೇಕು. ನಾವು ಎರಡಕ್ಕೂ ಅಡ್ಹೆಸಿವ್ ಬಳಸಿದೆವು.

ಲೆಕ್ಕ ಹೀಗೆ. ಸುತ್ತಳತೆ 26 ಅಡಿ, ಎತ್ತರ ಏಳಡಿ, 182 ಚದರಡಿ. ಬಾಗಿಲು, ವೆಂಟಿಲೇಟರ್ ಕಳೆದರೆ ಸುಮಾರು 161. ಕಟಿಂಗ್, ಒಡಕಿಗೆ ಹತ್ತು ಪರ್ಸೆಂಟ್ ಸೇರಿಸಿದರೆ 177. ಟೈಲ್ಸ್ 300x600 ಮಿ.ಮೀ., ಪೆಟ್ಟಿಗೆಗೆ ಆರು. ಬಾಯಿಮಾತಿಗೆ ಇದನ್ನು “ಒಂದಡಿ ಎರಡಡಿ” ಅಂತಾರೆ, ಪೆಟ್ಟಿಗೆಗೆ ಹನ್ನೆರಡು ಚದರಡಿ ಅಂತ ಹಿಡಿಯುತ್ತಾರೆ. ಮಿಲಿಮೀಟರಲ್ಲಿ ಲೆಕ್ಕ ಹಾಕಿದರೆ 11.6 ಮಾತ್ರ. ದರ ಚದರಡಿಗೆ ಮಾತಾಡಿದ್ದರೆ 11.6ಕ್ಕೇ ಬಿಲ್ ಹಾಕಿಸಿ. ನಮಗೆ 16 ಪೆಟ್ಟಿಗೆ, ನೆಲಕ್ಕೆ 5 ಪೆಟ್ಟಿಗೆ ಬೇಕಾಯಿತು. ಗೋಡೆಯದು ಚದರಡಿಗೆ 46 ರೂಪಾಯಿ, ನೆಲದ್ದು 58, ಮೇಲೆ ಜಿಎಸ್‌ಟಿ 18 ಪರ್ಸೆಂಟ್. “ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಬಿಡ್ತೀವಿ” ಅಂದರು. ಪಕ್ಕಾ ಬಿಲ್ಲನ್ನೇ ತೆಗೆದುಕೊಂಡೆ. ಅದರ ಮೇಲೆ ಕಂಪನಿ, ಡಿಸೈನ್ ನಂಬರ್, ಶೇಡ್ ನಂಬರ್, ಗ್ರೇಡ್, ಉಳಿದ ಪೆಟ್ಟಿಗೆ ವಾಪಸ್ ತೆಗೆದುಕೊಳ್ಳುವ ಮಾತು, ಎಲ್ಲ ಬರೆಸಿದೆ. ಆಮೇಲೆ ನಮ್ಮನ್ನು ಕಾಪಾಡಿದ್ದು ಆ ಕಾಗದವೇ.

ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ನಮ್ಮ ದೇಶದ ಬಹುಪಾಲು ಟೈಲ್ಸ್ ತಯಾರಾಗುವುದು ಗುಜರಾತಿನ ಮೊರ್ಬಿಯಲ್ಲಿ. ಅಲ್ಲಿಂದ ಲಾರಿ ಬರಬೇಕು, ಲಾರಿ ತುಂಬುವಷ್ಟು ಆರ್ಡರ್ ಸೇರುವವರೆಗೆ ಕಾಯಬೇಕು. “ಸೋಮವಾರ ಬರುತ್ತೆ” ಎಂಬ ಮಾತು ವಾರದಿಂದ ವಾರಕ್ಕೆ ಮುಂದೆ ಹೋಯಿತು. ಅಷ್ಟರಲ್ಲಿ ವಾಟರ್‌ಪ್ರೂಫಿಂಗ್ ಮುಗಿಸಿದೆವು. ಎರಡು ಕೋಟ್ ಬಳಿದು, ಮೂಲೆಗಳಿಗೆ ಬಲೆಯ ಪಟ್ಟಿ ಅಂಟಿಸಿ, ಟ್ರ್ಯಾಪ್ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ, ಗೋಡೆಗೆ ಗುರುತು ಹಾಕಿದ ಗೆರೆಯಿಂದ ನೀರು ಇಳಿದಿಲ್ಲ ಅಂತ ನೋಡಿದೆವು.

ಆ ಕಾಯುವಿಕೆ ಅಮ್ಮನಿಗೆ ಬಹಳ ಕಷ್ಟ ಕೊಟ್ಟಿತು. ಸ್ನಾನ, ಶೌಚ ಎಲ್ಲಕ್ಕೂ ಮೇಲಿನ ಬಾಡಿಗೆಯವರ ಮನೆ. “ಅಜ್ಜಿ, ಯಾವ್ ಹೊತ್ನಲ್ಲಾದ್ರೂ ಬನ್ನಿ, ಬಾಗ್ಲು ತೆಗ್ದೇ ಇರುತ್ತೆ” ಅಂತ ಆ ಹುಡುಗಿ ಹೇಳಿ ಕೀಲಿಯನ್ನೂ ಕೊಟ್ಟಿದ್ದಳು. ಆದರೂ ಮೆಟ್ಟಿಲು ಮೆಟ್ಟಿಲೇ. ರಾತ್ರಿ ಏಳಬೇಕಾಗುತ್ತದೆ ಅಂತ ಅಮ್ಮ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದು ನನಗೆ ಗೊತ್ತಾದದ್ದು ತಡವಾಗಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಒಂದೇ ಬಚ್ಚಲು ಇರುವವರು ದಯವಿಟ್ಟು ಇದನ್ನು ಮೊದಲು ಯೋಚಿಸಿ. ಟೈಲ್ಸ್ ಸ್ಟಾಕ್ ಅಂಗಡಿಯ ಗೋಡೌನಿನಲ್ಲೇ ಇದೆಯಾ ಅಂತ ಕಣ್ಣಾರೆ ನೋಡಿಕೊಂಡು ಆಮೇಲೆ ಒಡೆಸಿ. ವಯಸ್ಸಾದವರನ್ನು ಆ ಹೊತ್ತಿಗೆ ಅಕ್ಕತಂಗಿಯರ ಮನೆಗೆ ಕಳಿಸಲು ಆದರೆ ಕಳಿಸಿ.

ಕೊನೆಗೆ ಗೂಡ್ಸ್ ಆಟೊ ಬಂತು. ಇಳಿಸುವವರು ಸಹಿಗೆ ಚೀಟಿ ಮುಂದೆ ಹಿಡಿದರು. ಸಹಿ ಹಾಕುವ ಮುಂಚೆ ಪ್ರತಿ ಪೆಟ್ಟಿಗೆಯ ಪಕ್ಕದ ಚೀಟಿ ಓದಿದೆ. ಹದಿನಾರರಲ್ಲಿ ಐದಕ್ಕೆ ಬೇರೆ ಶೇಡ್ ನಂಬರ್. ಒಂದೇ ಡಿಸೈನ್ ಆದರೂ ಪ್ರತಿ ಸಲ ಸುಟ್ಟಾಗ ಬಣ್ಣ ಎಳೆಯಷ್ಟು ಆಚೀಚೆ ಆಗುತ್ತದೆ, ಅಳತೆಯೂ ಕೂದಲೆಳೆಯಷ್ಟು ಬದಲಾಗುತ್ತದೆ. ಶೇಡ್ ಅಥವಾ ಬ್ಯಾಚ್ ನಂಬರ್ ಇರುವುದು ಅದಕ್ಕೇ. ಎರಡು ಬ್ಯಾಚಿನ ಒಂದೊಂದು ಟೈಲ್ಸ್ ಅಂಗಳದ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟೆ. ಒಂದು ಹಾಲಿನ ಬಿಳಿ, ಇನ್ನೊಂದರಲ್ಲಿ ಸ್ಪಷ್ಟವಾಗಿ ಹಳದಿ ಛಾಯೆ. ಫೋನ್ ಮಾಡಿದರೆ ಅಂಗಡಿಯವರು, “ಗೋಡೆಗೆ ಹಾಕಿದ್ಮೇಲೆ ಗೊತ್ತಾಗಲ್ಲ ಮೇಡಂ, ಬಾಗ್ಲು ಹಿಂದೆ ಹಾಕ್ಸಿ” ಅಂದರು. ನಾನು ಒಪ್ಪಲಿಲ್ಲ. ಬಿಲ್ಲಿನ ಮೇಲೆ ಬರೆದ ಶೇಡ್ ನಂಬರಿನ ಫೋಟೋ, ಪೆಟ್ಟಿಗೆಯ ಫೋಟೋ ಕಳಿಸಿದೆ. ನಾಳೆ, ನಾಡಿದ್ದು ಅಂತ ಮತ್ತೆ ಎಳೆದಾಟ. ಕಡೆಗೆ ನಮ್ಮವರು ಅಂಗಡಿಗೇ ಹೋಗಿ ಬಿಲ್ ಇಟ್ಟು ಕೂತ ಮೇಲೆ, ಅವರ ಇನ್ನೊಂದು ಗೋಡೌನಿನಿಂದ ಅದೇ ಬ್ಯಾಚಿನ ಐದು ಪೆಟ್ಟಿಗೆ ಬಂದವು. ಹೆಚ್ಚುವರಿ ಸಾಗಣೆಯನ್ನು ಅವರೇ ಕೊಟ್ಟರು. ಸಹಿ ಹಾಕಿ ಕಳಿಸಿದ್ದರೆ ಇದು ಆಗುತ್ತಿರಲಿಲ್ಲ. ಪೆಟ್ಟಿಗೆ ಬಂದ ದಿನವೇ ಇನ್ನೊಂದು ಪರೀಕ್ಷೆ ಮಾಡಿ. ಎರಡು ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ ಅಂಚಿನಿಂದ ನೋಡಿದರೆ ಬಾಗು ಇದ್ದದ್ದು ಕಾಣುತ್ತದೆ. ಉದ್ದನೆಯ ಟೈಲ್ಸ್ ಸ್ವಲ್ಪ ಬಾಗಿದ್ದರೂ ಇಟ್ಟಿಗೆ ವರಸೆಯಂತೆ ಅರ್ಧಕ್ಕೆ ಅರ್ಧ ಜೋಡಿಸಿದಾಗ ಅಂಚು ಎದ್ದು ಕಾಣುತ್ತದೆ. ನಾವು ಅದಕ್ಕೇ ನೇರ ವರಸೆಯಲ್ಲೇ ಹಾಕಿಸಿದೆವು.

ಕೂರಿಸುವ ಕೆಲಸ ಬೇಗ ಆಯಿತು. ಹಳೇ ಗೋಡೆ ತೂಗುಗುಂಡಿಗೆ ಸರಿಯಿರಲಿಲ್ಲ, ಮೇಲೆ ಕೆಳಗೆ ಮುಕ್ಕಾಲಿಂಚು ವ್ಯತ್ಯಾಸ, ಗಾರೆಯಲ್ಲೇ ಅದನ್ನು ಸರಿಮಾಡಿದರು. ಅಡ್ಡಡ್ಡ ಏಳು ವರಸೆ ಹಾಕಿದರೆ ಏಳಡಿ ಅಂತ ನಾವು ಹಿಡಿದಿದ್ದೆವು. ಏಳಡಿ ಅಂದರೆ 2134 ಮಿ.ಮೀ., ಏಳು ಟೈಲ್ಸ್ ಸಂದು ಸೇರಿ 2112. ಬಾಗಿಲ ಚೌಕಟ್ಟಿನ ಸಮಕ್ಕೆ ಬರಲಿ ಅಂತ ಮೇಸ್ತ್ರಿ ಆ ಚೂರು ವ್ಯತ್ಯಾಸವನ್ನು ಕೆಳಗಿನ ವರಸೆಯ ಅಡಿಗೆ, ನೆಲದ ಟೈಲ್ಸ್ ಮರೆಯಾಗಿಸುವ ಕಡೆಗೆ ತಳ್ಳಿದರು. ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ನೆಲದಲ್ಲಿ ಎಪಾಕ್ಸಿ ರಾಳದ್ದು, ಗೋಡೆಗೆ ಸಿಮೆಂಟಿನದು. ಎಪಾಕ್ಸಿ ದುಬಾರಿ, ಆದರೆ ನೀರು ಹೀರುವುದಿಲ್ಲ, ಕಪ್ಪಾಗುವುದಿಲ್ಲ. ಹಚ್ಚಿದ ಕೂಡಲೇ ಟೈಲ್ಸ್ ಮೇಲಿನದನ್ನು ಒರೆಸಲೇಬೇಕು, ಗಟ್ಟಿಯಾದರೆ ಹೋಗುವುದಿಲ್ಲ. ಒರೆಸುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಖರ್ಚಿನ ಮಾತು ಎಲ್ಲರೂ ಕೇಳುತ್ತಾರೆ. ಒಟ್ಟು 1 ಲಕ್ಷ 29 ಸಾವಿರ. ಅದರಲ್ಲಿ ಟೈಲ್ಸ್ ಸಾಗಣೆ, ಇಳಿಸುವ ಕೂಲಿ ಸೇರಿ 15,000 ಮಾತ್ರ. ಕಮೋಡ್, ಬೇಸಿನ್ ಇನ್ನೊಂದು 15,000. ನಲ್ಲಿ, ಡೈವರ್ಟರ್, ಶವರ್ 19,000. ಪ್ಲಂಬರ್ ಕೂಲಿ 18,000, ಟೈಲ್ಸ್ ಕೂಲಿ 16,000, ವಾಟರ್‌ಪ್ರೂಫಿಂಗ್ 12,000. ಬಾಟಲ್ ಟ್ರ್ಯಾಪ್, ವೇಸ್ಟ್ ಕಪ್ಲಿಂಗ್, ಕನೆಕ್ಷನ್ ಪೈಪು, ಎಕ್ಸ್‌ಟೆನ್ಶನ್ ನಿಪ್ಪಲ್, ಜಾಲರಿ ಇಂಥ ಸಣ್ಣಪುಟ್ಟದ್ದೇ 4,300 ಆದದ್ದು ಯಾರ ಎಸ್ಟಿಮೇಟಿನಲ್ಲೂ ಇರಲಿಲ್ಲ. ಮಿಕ್ಕದ್ದು ಪೈಪು, ಸಿಮೆಂಟು, ಅಡ್ಹೆಸಿವ್ ಮತ್ತು ಒಡೆಯುವ ಖರ್ಚು. ಚದರಡಿಗೆ ಐದು ರೂಪಾಯಿ ಉಳಿಸಲು ಟೈಲ್ಸ್ ಅಂಗಡಿಗಳನ್ನು ಸುತ್ತಿದರೆ ನಮ್ಮ ಅಳತೆಗೆ ಉಳಿಯುವುದು ಸಾವಿರದ ಚಿಲ್ಲರೆ. ಆ ಓಡಾಟವನ್ನು ಒಳ್ಳೆಯ ಪ್ಲಂಬರ್ ಹುಡುಕಲು ಮಾಡಿ.

ಕೊನೆಯ ಕಂತನ್ನು ವಾಟ ನೋಡಿದ ಮೇಲೆಯೇ ಕೊಡುವುದು ಅಂತ ಮೊದಲೇ ಮಾತಾಗಿತ್ತು. ನಾಲ್ಕೂ ಮೂಲೆಗೆ ಒಂದೊಂದು ಚೊಂಬು ನೀರು ಸುರಿದು ಕಾದೆವು. ಬಾಗಿಲ ಮೂಲೆಯಲ್ಲಿ ಅಂಗೈಯಗಲ ನೀರು ನಿಂತಿತು. ಮೇಸ್ತ್ರಿ ರಸಮಟ್ಟ ಇಟ್ಟು ನೋಡಿ, ತಕರಾರು ಮಾಡದೆ ಎರಡು ಟೈಲ್ಸ್ ಎಬ್ಬಿಸಿ ಮತ್ತೆ ಕೂರಿಸಿಕೊಟ್ಟರು. ಆ ಎರಡು ಟೈಲ್ಸ್ ಬಂದದ್ದು ವಾಪಸ್ ಕೊಡದೆ ಇಟ್ಟುಕೊಂಡಿದ್ದ ಹೆಚ್ಚುವರಿ ಪೆಟ್ಟಿಗೆಯಿಂದ. ಉಳಿದವು ಅಟ್ಟದ ಮೇಲಿವೆ, ಪೆಟ್ಟಿಗೆಯ ಚೀಟಿ ಕಾಣುವಂತೆ ಇಟ್ಟಿದ್ದೇನೆ. ಬಿಲ್ಲು, ವಾರಂಟಿ ಕಾರ್ಡು, ಪೈಪಿನ ಫೋಟೋಗಳ ಪ್ರಿಂಟು ಒಂದೇ ಫೈಲಿನಲ್ಲಿವೆ. ಅಮ್ಮ ಸ್ನಾನಕ್ಕೆ ಹೋದಾಗ ಬಾಗಿಲ ಹೊರಗೆ ಈಗ ಯಾರೂ ನಿಲ್ಲುತ್ತಿಲ್ಲ.